ಇಡ್ಲಿಯಲ್ಲಿ ಬೆಳಕು ಅಳೆಯುತ್ತಿದ್ದವರು

ನಾನು ಡಿಗ್ರಿ ಮುಗಿಸುವುದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಕಾಕಾ. ದಹಿಸರಿನ ನಮ್ಮ ಚಾಳಿನ ಹೊಸ್ತಿಲ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ್ದರು: "ನಮ್ಮ ಮನಿತನದಾಗ ಯಾರರೆ ಹತ್ತನೇತ್ತ ದಾಟ್ಯಾರೇನು? ಇಕಿ ಕ್ಯಾಮೆರಾ ಕಾಲೇಜ್ ಓದತಾಳಂತ. ಆಗೂದಲ್ಲ, ಹೋಗೂದಲ್ಲ." ಎರಡನೆಯವರು ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ. ಕೊನೆಯ ವರ್ಷದ ಪ್ರಾಕ್ಟಿಕಲ್‌ನಲ್ಲಿ ನಾನು ಫೇಲಾದ ದಿನ ಅದನ್ನೇ ಇಂಗ್ಲಿಷಿನಲ್ಲಿ, ಬಹಳ ಸಭ್ಯವಾಗಿ ಹೇಳಿದರು. ಮೂರನೆಯವರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಅಟ್ಟದ ಮೇಲೆ ಕುಳಿತು ಬೆಳಕಿನ ಮೀಟರ್ ರಿಪೇರಿ ಮಾಡುತ್ತಿದ್ದ ಮುದುಕರು.

"ಹನ್ನೊಂದ್ ದಿನದಗೆ ಬೆಳಕ್ ಕಲೂಕೆ ಆತಿಲ್ಲೆ ಹೆಣೆ. ನಂಗೆ ಹನ್ನೊಂದ್ ವರ್ಷ ಬೇಕಾಯ್ತ್" ಎಂದರು.

ಮೊದಲಿನ ಇಬ್ಬರ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಮೂರನೆಯವರ ಮೇಲೆ ಬರಲಿಲ್ಲ. ಯಾಕೆಂದರೆ ಹಾಗೆ ಹೇಳಿದವರೇ ಎದ್ದು, ಮೂಲೆಯಲ್ಲಿದ್ದ ಸ್ಟೂಲ್ ಎಳೆದು, ಪಂಚೆಯ ತುದಿಯಿಂದ ಒರೆಸಿ, "ಕೂತ್ಕೋ. ಆತಿಲ್ಲೆ ಅಂದ್ರೂ ಹನ್ನೊಂದ್ ದಿನ ಇತ್ತಲ್ದಾ, ಕೂತ್ಕೋ" ಎಂದರು.

ಕಳೆದ ತಿಂಗಳು ಅವರು ಕುಂದಾಪುರದ ಕಡೆಯ ತಮ್ಮ ಊರಿನಲ್ಲಿ ತೀರಿಕೊಂಡರು. ಆ ಹೋಟೆಲಿನ ಅಡುಗೆ ಭಟ್ಟರು ಫೋನ್ ಮಾಡಿ ತಿಳಿಸಿದರು. ನಾನಾಗ ಸ್ಟುಡಿಯೋದಲ್ಲಿ ಒಂದು ಹಸುಗೂಸಿನ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಮಗು ಅಳುತ್ತಿತ್ತು, ಹಾಗಾಗಿ ನನ್ನನ್ನು ಯಾರೂ ಗಮನಿಸಲಿಲ್ಲ.

ಎಲ್ಲರೂ ಅವರನ್ನು ಮಾಮ ಎನ್ನುತ್ತಿದ್ದರು. ನಾನೂ ಮಾಮ ಎಂದೇ ಬರೆಯುತ್ತೇನೆ.

ಆ ಪ್ರಾಕ್ಟಿಕಲ್ ಏನೆಂದು ಮೊದಲು ಹೇಳಿಬಿಡಬೇಕು. ಕಿಟಕಿಯ ಬೆಳಕಿನಲ್ಲಿ ಒಬ್ಬ ವ್ಯಕ್ತಿಯ ಮುಖ ತೆಗೆಯಬೇಕು. ಹಳೆಯ ಕಾಲದ ಫಿಲ್ಮ್ ಕ್ಯಾಮೆರಾವನ್ನು ಕಾಲೇಜೇ ಕೊಡುತ್ತದೆ. ಅದಕ್ಕೆ ತಾನಾಗಿ ಬೆಳಕು ಅಳೆಯಲು ಬರುವುದಿಲ್ಲ. ಒಂದು ರೋಲ್, ಹನ್ನೆರಡು ಚಿತ್ರ. ತೊಳೆದ ಮೇಲೆ ಹನ್ನೆರಡನ್ನೂ ಒಂದೇ ಹಾಳೆಯ ಮೇಲೆ ಒಂದೇ ಹದದಲ್ಲಿ ಅಚ್ಚು ಹಾಕುತ್ತಾರೆ. ಕಪ್ಪಾದದ್ದು ಕಪ್ಪೇ, ಬಿಳಿಚಿದ್ದು ಬಿಳಿಚಿದ್ದೇ. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವ ಆಟವಿಲ್ಲ. ಕೋಣೆಯೊಳಗೆ ಫೋನ್ ಬಿಡುವುದಿಲ್ಲ, ಆದ್ದರಿಂದ ಫೋನಿನ ಆ್ಯಪ್ ನೋಡಿ ಬೆಳಕು ಅಳೆಯುವ ಹಾಗೂ ಇಲ್ಲ. ಕೈಯಲ್ಲಿ ಹಿಡಿಯುವ ಮೀಟರ್ ಬೇಕು, ಅದನ್ನು ನಾವೇ ತರಬೇಕು. ಕೂರುವ ವ್ಯಕ್ತಿಯನ್ನೂ ನಾವೇ ಕರೆದುಕೊಂಡು ಹೋಗಬೇಕು.

ನಾನು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವ ಕಟ್ಟಡದ ಕೆಲಸಕ್ಕೆ ಹೋಗುವವಳು. ವಿಜಯಪುರದಿಂದ ಬಂದು ಮುಂಬೈಯ ಬಿಸಿಲಲ್ಲಿ ಇಪ್ಪತ್ತು ವರ್ಷ ಬುಟ್ಟಿ ಹೊತ್ತ ಮುಖ. ಕಪ್ಪು, ಹೊಳೆಯುವ ಕಪ್ಪು. ಗೆಳತಿಯ ಮೀಟರ್ ತಂದು, ಅವ್ವನ ಮುಖಕ್ಕೆ ಗುರಿಯಿಟ್ಟು, ಅದು ತೋರಿಸಿದ ಅಳತೆಯನ್ನು ನಂಬಿ ಹನ್ನೆರಡೂ ಚಿತ್ರ ತೆಗೆದೆ. ಹಾಳೆಯ ಮೇಲೆ ಬಂದದ್ದು ಬೂದಿ ಬಳಿದ ಒಂದು ಮುಖ. ಪಕ್ಕದಲ್ಲಿ ಕಿಟಕಿ ಬರೀ ಬಿಳಿಯಾಗಿ ಉರಿದುಹೋಗಿತ್ತು. ಮನೆಯಲ್ಲಿ ಅವ್ವ ಅದನ್ನು ನೋಡಿ, "ಇದ್ಯಾರು? ನಿಮ್ಮ ಕಾಲೇಜಿನ ಆಯಾ ಏನು?" ಎಂದು ಕೇಳಿದಳು.

ಉಳಿದದ್ದು ಒಂದೇ ಅವಕಾಶ. ಮುಂದಿನ ವರ್ಷದಿಂದ ಸಿಲಬಸ್ ಬದಲಾಗುತ್ತಿತ್ತು, ಫಿಲ್ಮಿನ ಈ ಪೇಪರೇ ಇರುವುದಿಲ್ಲ. ಈ ಸಲವೂ ತಪ್ಪಿದರೆ ಮೂರನೆಯ ವರ್ಷ ಪೂರ್ತಿ ಹೊಸದಾಗಿ ಕೂರಬೇಕು. ಘಾಟ್ಕೋಪರಿನ ಸ್ಟುಡಿಯೋದಲ್ಲಿ ದಿನವಿಡೀ ಕೆಲಸ, ಸಂಜೆ ಕಾಲೇಜು. ಮೂರು ವರ್ಷ ಹೀಗೆ ನಡೆಸಿದ್ದೆ. ನಾಲ್ಕನೆಯದನ್ನು ಮನೆಯಲ್ಲಿ ಕೇಳುವ ಮುಖ ನನಗಿರಲಿಲ್ಲ. ಕೇಳಿದ್ದರೆ ಅಪ್ಪ ಬೇಡ ಎನ್ನುತ್ತಿರಲಿಲ್ಲ. ಅದಕ್ಕೇ ಕೇಳುವ ಹಾಗಿರಲಿಲ್ಲ.

ಹೀಗೆ ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಒಂದು ಮೀಟರ್ ಕೊಳ್ಳೋಣವೆಂದು ಆ ಅಟ್ಟ ಹತ್ತಿದೆ.

ಹೋಟೆಲಿನ ಕೈತೊಳೆಯುವ ಜಾಗದ ಪಕ್ಕದಿಂದ ಕಿರಿದಾದ ಮರದ ಮೆಟ್ಟಿಲು. ಮೇಲೆ ತಲೆ ತಗ್ಗಿಸಿ ನಿಲ್ಲುವಷ್ಟು ಎತ್ತರದ ಕೋಣೆ, ಒಂದು ಕಿಟಕಿ, ಒಂದು ಮೇಜು. ಮೀಟರ್‌ಗಳೆಲ್ಲ ಹೋಟೆಲಿನ ಹಳೆಯ ಸಾಂಬಾರ ಡಬ್ಬಿಗಳಲ್ಲಿ. ಒಂದೊಂದು ಖಾನೆಗೆ ಒಂದೊಂದು, ಸಾಸಿವೆ ಜೀರಿಗೆ ಇಟ್ಟ ಹಾಗೆ. ಮಾಮ ಹದಿನಾಲ್ಕನೆಯ ವಯಸ್ಸಿಗೆ ಇದೇ ಹೋಟೆಲಿಗೆ ಟೇಬಲ್ ಒರೆಸಲು ಬಂದವರಂತೆ. ಕನ್ನಡದ ರಾತ್ರಿ ಶಾಲೆಯಲ್ಲಿ ಏಳನೆಯ ಕ್ಲಾಸು ಪಾಸಾದರು. ಆಮೇಲೆ ದಿನಾ ಚಹಾ ಕುಡಿಯಲು ಬರುತ್ತಿದ್ದ ಒಬ್ಬ ಪಾರ್ಸಿ ರಿಪೇರಿಯವರ ಹತ್ತಿರ ಸೇರಿಕೊಂಡು ಈ ಕೆಲಸ ಕಲಿತರು. ಅದಕ್ಕಿಂತ ಹೆಚ್ಚು ತಮ್ಮ ವಿಷಯ ಹೇಳಿದವರಲ್ಲ. ಮದುವೆ ಆಗಿದೆಯಾ ಎಂದು ಒಮ್ಮೆ ಕೇಳಿದ್ದಕ್ಕೆ, "ಆಯ್ತ್. ಅವ್ಳ್ ಊರಗಿದ್ಲ್, ನಾ ಇಲ್ಲಿದ್ದೆ, ಹಾಂಗಾಯಿ ಇಬ್ರೂ ಸುಖ" ಎಂದು ನಕ್ಕರು.

ಯಾರೇ ಮೀಟರ್ ಕೇಳಲು ಬಂದರೂ ಅವರ ಮೊದಲ ಪ್ರಶ್ನೆ ಒಂದೇ: "ಯಾರ ಮುಖ?" ಗಿಡ, ಗುಡ್ಡ, ಕಟ್ಟಡ ತೆಗೆಯುವವರನ್ನೂ ಹಾಗೇ ಕೇಳುತ್ತಿದ್ದರು.

"ನಮ್ಮ ಅವ್ವಂದ್ರಿ" ಎಂದೆ.

"ಕಪ್ಪಾ, ಬಿಳಿಯಾ?"

"ಕಪ್ಪ್ರಿ."

"ಹಾಂಗಾರೆ ಕೇಣ್. ಮೀಟ್ರಿಗೆ ಮನ್ಷ ಅಂದ್ರೆ ಗೊತ್ತಿಲ್ಲೆ. ಅದ್ಕೆ ಗೊತ್ತಿಪ್ಪುದ್ ಒಂದೇ ಬಣ್ಣ, ನಮ್ಮ ಶಾಲಿ ಸ್ಲೇಟ್ ಬಣ್ಣ. ಕಪ್ಪ್ ಮುಖ ತೋರ್ಸಿರೂ ಸ್ಲೇಟ್ ಮಾಡತ್ತ್, ಬಿಳಿ ಮುಖ ತೋರ್ಸಿರೂ ಸ್ಲೇಟ್ ಮಾಡತ್ತ್. ಅಮ್ಮನ ಮುಖದ್ ಹತ್ರ ಎಂತ ಕೇಂತೆ? ಮುಖದ್ ಮೇಲ್ ಬಿದ್ದ ಬೆಳಕಿನ್ ಹತ್ರ ಕೇಣ್."

ಒಂದು ಮೀಟರ್ ತೆಗೆದು ಅದರ ಕಣ್ಣಿನ ಮೇಲೆ ಅರ್ಧ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿಯ ಗುಮ್ಮಟ ಸರಿಸಿದರು. ಅದನ್ನು ನನ್ನ ಗಲ್ಲದ ಪಕ್ಕ ಹಿಡಿದು, ಮುಖವನ್ನಲ್ಲ, ಕ್ಯಾಮೆರಾ ಇರಬೇಕಾದ ದಿಕ್ಕನ್ನು ನೋಡುವಂತೆ ತಿರುಗಿಸಿದರು. ಮುಳ್ಳು ಎದ್ದು ನಿಂತಿತು. ಮೂರು ವರ್ಷ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತೆಗೆದುಕೊಂಡಿದ್ದ ಸಂಗತಿ ಅದು. ಅರ್ಥವಾದದ್ದು ಅವತ್ತು.

ನನ್ನ ಕಣ್ಣು ಮಾತ್ರ ಡಬ್ಬಿಯ ಕೊನೆಯ ಖಾನೆಯಲ್ಲಿದ್ದ ಡಿಜಿಟಲ್ ಮೀಟರ್ ಮೇಲಿತ್ತು. ನಮ್ಮ ಸ್ಟುಡಿಯೋದಲ್ಲಿರುವುದು ಅಂಥದ್ದೇ. ಒತ್ತಿದರೆ ನಂಬರ್ ಬರುತ್ತದೆ, ಮುಗಿಯಿತು. ಅದನ್ನು ಕೊಡಿ ಎಂದೆ. ಅವರು ಬೇಡ ಎನ್ನಲಿಲ್ಲ. ನಾಲ್ಕು ಮೀಟರ್ ಹೊರಗಿಟ್ಟು, "ಒಂದೊಂದೇ ಹಿಡ್ಕಂಡ್ ಮೆಟ್ಲ್ ಇಳ್ದ್ ಬಾ" ಎಂದರು.

ಇದು ಅವರ ಪದ್ಧತಿ. ಮೇಲಿನ ಮೆಟ್ಟಿಲಿಗೆ ಕಿಟಕಿಯ ಬೆಳಕು, ಕೆಳಗಿನದಕ್ಕೆ ಕತ್ತಲು. ನಡುವೆ ಒಂಬತ್ತು ಮೆಟ್ಟಿಲು. ಮೀಟರ್ ಎಷ್ಟನೆಯ ಮೆಟ್ಟಿಲಿನವರೆಗೆ ಮಾತಾಡುತ್ತದೆ ಎಂದು ಕೊಳ್ಳುವವರೇ ಇಳಿದು ನೋಡಬೇಕು. ಕೆಳಗೆ ಕೈತೊಳೆಯಲು ಬಂದವರಿಗೆ ದಾರಿ ಬಿಟ್ಟುಕೊಡುತ್ತ, ಬೈಸಿಕೊಳ್ಳುತ್ತ ನಾನು ನಾಲ್ಕು ಸಲ ಇಳಿದು ಹತ್ತಿದೆ.

ಮೊದಲನೆಯದು ಜೇನುಗೂಡಿನಂಥ ಕಣ್ಣಿನ ಹಳೆಯ ಮೀಟರ್. ಬ್ಯಾಟರಿ ಬೇಡ, ಬಿದ್ದ ಬೆಳಕನ್ನೇ ಉಂಡು ಬದುಕುತ್ತದೆ. ನೋಡಿದರೆ ಪ್ರೀತಿ ಬರುವಂಥದ್ದು. ಮೂರನೆಯ ಮೆಟ್ಟಿಲಿಗೆ ಅದರ ಮುಳ್ಳು ಮಲಗಿತು. "ಬಿಸಿಲಗೆ ರಾಜ. ಒಳಗ್ ಕುರ್ಡ" ಎಂದರು ಮಾಮ. ಎರಡನೆಯದು ದುರ್ಬೀನಿನಂತೆ ಕಣ್ಣಿಗಿಟ್ಟು ನೋಡುವಂಥದ್ದು, ದೂರದ ಒಂದು ಚುಕ್ಕಿಯ ಬೆಳಕನ್ನಷ್ಟೇ ಅಳೆಯುತ್ತದೆ. ಒಂಬತ್ತೂ ಮೆಟ್ಟಿಲು ಇಳಿಯಿತು. ಆದರೆ ಎಲ್ಲಿ ಗುರಿಯಿಡಬೇಕೆಂಬ ತಲೆ ನಮ್ಮದೇ ಆಗಿರಬೇಕು. "ಇದ್ ಹುಷಾರಿದ್ದವ್ರಿಗೆ. ಹೆದರಿದವ್ರಿಗಲ್ಲ." ಮೂರನೆಯದು ಡಿಜಿಟಲ್. ಅದೂ ಪೂರ್ತಿ ಇಳಿಯಿತು. ನಾಲ್ಕನೆಯದು ಆ ಬಿಳಿಯ ಗುಮ್ಮಟದ್ದು, ಮುಳ್ಳಿನದು. ಅದು ಕೇಳುವ ಹಳೆಯ ಬ್ಯಾಟರಿ ಈಗ ಸಿಗುವುದಿಲ್ಲವಂತೆ. ಈಗಿನ ಬ್ಯಾಟರಿ ಹಾಕಿದರೂ ತಪ್ಪು ಹೇಳದಂತೆ ಮಾಮ ಒಳಗೆ ಏನೋ ಸಣ್ಣದೊಂದು ಬೆಸುಗೆ ಹಾಕಿದ್ದರು. ಎಂಟನೆಯ ಮೆಟ್ಟಿಲಿನವರೆಗೆ ಬಂತು.

"ಡಿಜಿಟಲ್ ಒಂಬತ್ತ್ ಇಳೀತ್ರಿ, ಇದು ಎಂಟು" ಎಂದೆ.

"ಎರಡೂ ಹಿಡ್ಕಂಡ್ ಕಿಟ್ಕಿ ಹತ್ರ ನಿಲ್."

ನಿಂತೆ. ಹೊರಗೆ ಮೋಡ ಹಾಯುತ್ತಿತ್ತು. ಡಿಜಿಟಲ್ ಮೀಟರಿನಲ್ಲಿ ಒತ್ತಿದಾಗ ಬಂದ ನಂಬರ್ ಹಾಗೇ ನಿಂತಿತ್ತು. ಮುಳ್ಳು ಮಾತ್ರ ಮೋಡದ ಜೊತೆ ಮೆಲ್ಲಗೆ ಇಳಿಯಿತು, ಸ್ವಲ್ಪ ತಡೆಯಿತು, ಮತ್ತೆ ಏರಿತು. ಬೆಳಕು ಉಸಿರಾಡುವುದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿಸಿ ಎರಡನ್ನೂ ಒಂದೊಂದಾಗಿ ಎಡಗೈಗೆ ಕೊಟ್ಟರು. ಗುಂಡಿ ಎಲ್ಲಿದೆ ಎಂದು ಹೆಬ್ಬೆರಳಿಗೆ ತಾನಾಗಿ ತಿಳಿಯಬೇಕಂತೆ. ಮುಳ್ಳಿನದರಲ್ಲಿ ತಿಳಿಯಿತು.

"ಇದೇ ಇರ್ಲಿ ಬಿಡ್ರಿ" ಎಂದೆ.

"ನಾ ಹೇಳ್ಲಿಲ್ಲೆ ಮಾರಾಯ್ತಿ. ನೀನೇ ಹೇಳಿದ್ದ್. ನಾಳಿಕ್ಕ್ ಬಂದ್ ನನ್ನ ಬೈಬೇಡ" ಎಂದರು. ಆದರೂ ತಕ್ಷಣ ಕೊಡಲಿಲ್ಲ. "ಬೆಳಿಗ್ಗೆ ಬಾ. ಇಡ್ಲಿ ಬೇಕ್."

ಇಡ್ಲಿ ತಿನ್ನಿಸುತ್ತಾರೆ ಎಂದುಕೊಂಡೆ. ತಿನ್ನಿಸಿದರು ಕೂಡ. ಆದರೆ ಇಡ್ಲಿಯ ಕೆಲಸ ಬೇರೆಯಿತ್ತು. ಹತ್ತೂವರೆಗೆ ಎದುರಿನ ಎರಡು ಬಿಲ್ಡಿಂಗ್‌ಗಳ ಸಂದಿನಿಂದ ಬಿಸಿಲು ಆ ಕಿಟಕಿಯ ಕಟ್ಟೆಗೆ ಬರುತ್ತದೆ, ಅರ್ಧ ತಾಸು ಇರುತ್ತದೆ. ಆಗ ಕೆಳಗಿನಿಂದ ಒಂದು ಪ್ಲೇಟ್ ಇಡ್ಲಿ ತರಿಸಿ, ಆ ಬಿಸಿಲಿಗಿಟ್ಟು, ಆಚೆ ಕೊಡಬೇಕಾದ ಮೀಟರನ್ನು ಗುಮ್ಮಟ ಪಕ್ಕಕ್ಕೆ ಸರಿಸಿ ಇಡ್ಲಿಗೆ ಗುರಿಯಿಡುತ್ತಿದ್ದರು. ಮುಳ್ಳು ಎಲ್ಲಿ ನಿಲ್ಲಬೇಕೆಂಬ ಗುರುತು ಅವರ ತಲೆಯಲ್ಲಿತ್ತು. ನಿಲ್ಲದಿದ್ದರೆ ಕೂದಲಿನಷ್ಟು ಸಣ್ಣ ಸ್ಕ್ರೂ ತಿರುಗಿಸಿ ನಿಲ್ಲಿಸುತ್ತಿದ್ದರು.

"ಅಂಗಡ್ಯಾಗ ಇದಕ್ಕಂತ ಅಳತಿ ಕಾರ್ಡ್ ಸಿಗ್ತಾವಲ್ರಿ" ಎಂದೆ.

"ಕಾರ್ಡ್ ಮಾಸತ್ತ್. ಬಲ್ಬ್ ಮುದುಕಾತ್. ಸೂರ್ಯ ದಿನಾ ಹೊಸ್ತ್, ಇಡ್ಲಿ ದಿನಾ ಹೊಸ್ತ್. ಈ ಹೋಟ್ಲಿಗೆ ಮೂರ್ ಮಾಲಕ್ರ್ ಬದ್ಲಾದ್ರ್, ಇಡ್ಲಿ ಬಣ್ಣ ಬದ್ಲಾಯ್ಲಿಲ್ಲೆ."

ಅಳತೆ ಮುಗಿದ ಮೇಲೆ ಆ ಇಡ್ಲಿಯನ್ನು ತಿನ್ನುತ್ತಿದ್ದರು. ಚಟ್ನಿಯ ಬಟ್ಟಲನ್ನು ಮಾತ್ರ ಅಳತೆ ಮುಗಿಯುವವರೆಗೆ ಬಾಗಿಲ ಆಚೆ ಇಡಬೇಕು. ಬಿಳಿಯ ಮೇಲೆ ಒಂದು ತೊಟ್ಟು ಬಿದ್ದರೂ ಅವತ್ತಿನ ಕೆಲಸ ಕೆಟ್ಟಿತು ಎನ್ನುತ್ತಿದ್ದರು.

ಅವತ್ತು ಮೀಟರ್ ತೆಗೆದುಕೊಂಡು ಬಂದೆ. ಮುಂದಿನ ಒಂದು ವಾರ ಕೆಲಸಕ್ಕೆ ಹೋಗುವ ಮೊದಲು ಗ್ರಾಂಟ್ ರೋಡಿಗೆ ಹೋಗಿ ಅವರ ಮುಂದೆ ಕುಳಿತೆ. ಅವರು ಕೋಣೆಯಲ್ಲಿ ಎಲ್ಲೋ ಬೆರಳು ತೋರಿಸುತ್ತಿದ್ದರು. ಮೊದಲು ಕಣ್ಣಿನಲ್ಲೇ ಅಂದಾಜು ಹೇಳಬೇಕು, ಆಮೇಲೆ ಮೀಟರ್ ನೋಡಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ. "ಹ್ವಾಯ್, ಇವ್ಳ್ ಹಗ್ಲಿಗೇ ರಾತ್ರಿ ಮಾಡಿದ್ಲ್" ಎಂದು ಕೆಳಗೆ ಭಟ್ಟರಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಐದನೆಯ ದಿನ ಹತ್ತರಲ್ಲಿ ಏಳು ಸರಿ ಹೇಳಿದೆ. ಆಗ ಅವರು ಕೂಗಲಿಲ್ಲ. ಹೊಗಳುವುದೆಂದರೆ ಅಷ್ಟೇ.

ಪರೀಕ್ಷೆಗೆ ಮೂರು ದಿನ ಇರುವಾಗ, ಒಂದು ರೋಲ್ ಹಾಕಿ ಮನೆಯ ಕಿಟಕಿಯ ಹತ್ತಿರ ಅವ್ವನನ್ನು ಕೂರಿಸಿ ತೆಗೆದೆ. ಎಲ್ಲ ಅವರು ಹೇಳಿದಂತೆ ಮಾಡಿದೆ. ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ತೊಳೆದು ಅಚ್ಚು ಹಾಕಿದರೆ, ಕಿಟಕಿಯ ಕಡೆಯ ಅರ್ಧ ಮುಖ ಚೆನ್ನಾಗಿತ್ತು, ಇನ್ನರ್ಧ ಇರಲೇ ಇಲ್ಲ. ಆ ಕಡೆಯ ಕಣ್ಣು ಕಪ್ಪಿನೊಳಗೆ ಮುಳುಗಿಹೋಗಿತ್ತು. ಹನ್ನೆರಡರಲ್ಲೂ ಹಾಗೇ. ಸ್ಟುಡಿಯೋದ ಡಿಜಿಟಲ್ ಮೀಟರ್ ಪಕ್ಕ ಇಟ್ಟು ನೋಡಿದೆ. ಬೆಳಕಿನ ಅಳತೆಗೆ ನಾವು ಸ್ಟಾಪ್ ಎನ್ನುತ್ತೇವೆ; ಮಾಮನ ಮೀಟರ್ ಅರ್ಧ ಸ್ಟಾಪ್ ಜಾಸ್ತಿ ಹೇಳುತ್ತಿತ್ತು. ಅಂದರೆ ಇಲ್ಲದ ಬೆಳಕನ್ನು ಇದೆ ಎನ್ನುತ್ತಿತ್ತು. ಬಿಳಿಯ ಮುಖಕ್ಕೆ ಅರ್ಧ ಸ್ಟಾಪ್ ದೊಡ್ಡ ವಿಷಯವಲ್ಲ, ತಡೆದುಕೊಳ್ಳುತ್ತದೆ. ಅವ್ವನ ಮುಖಕ್ಕೆ ಅದೇ ಎಲ್ಲ.

ಮರುದಿನ ಹೋಗಿ ಹಾಳೆಯನ್ನು ಅವರ ಮುಂದಿಟ್ಟೆ.

"ಮಾಮ, ಮೀಟರ್ ಅರ್ಧ ಹೆಚ್ಚು ಹೇಳಾಕತ್ತೈತ್ರಿ."

ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. "ನೀ ಫಿಲ್ಮ್ ತೊಳೂಕೆ ತಪ್ಪಿದ್ದೆ" ಎಂದರು.

"ಇಲ್ರಿ. ಇನ್ನೊಂದು ಮೀಟರ್ ಜೋಡಿ ಇಟ್ಟು ನೋಡೇನಿ."

"ಹಾಂಗಾರೆ ಅದೇ ತಪ್ಪ್." ಧ್ವನಿ ಏರಿತು. "ನಲ್ವತ್ತ್ ವರ್ಷ. ನನ್ನ ಕೈಯಿಂದ ಹೋದ್ದ್ ಒಂದೂ ಸುಳ್ಳ್ ಹೇಳ್ಲಿಲ್ಲೆ. ನೀ ಮೊನ್ನೆ ಬಂದವ್ಳ್ ನಂಗೆ ಹೇಳ್ತ್ಯಾ?"

ಎದ್ದು ಹೋಗಬೇಕೆನಿಸಿತು, ಹೋಗಲು ಜಾಗವೂ ಇರಲಿಲ್ಲ. ಅಷ್ಟು ಸಣ್ಣ ಕೋಣೆ. ಹೊತ್ತು ಹತ್ತೂವರೆ ಆಗಿತ್ತು. ಪ್ಲೇಟ್ ಬಂತು. ಅವರು ಮುಖ ಬಿಗಿದುಕೊಂಡೇ ಇಡ್ಲಿಯನ್ನು ಬಿಸಿಲಿಗಿಟ್ಟು, "ಕಾಣ್, ನೀನೇ ಕಾಣ್" ಎಂದು ನನ್ನ ಮೀಟರನ್ನು ಗುರಿಯಿಟ್ಟರು. ಮುಳ್ಳು ಅವರ ಗುರುತಿಗೇ ಬಂದು ನಿಂತಿತು.

ನಾನು ಮುಳ್ಳನ್ನು ನೋಡಲಿಲ್ಲ, ಇಡ್ಲಿಯನ್ನು ನೋಡಿದೆ. ದಿನಕ್ಕೆ ನಲವತ್ತು ಪಾಸ್‌ಪೋರ್ಟ್ ಫೋಟೋ ತೆಗೆಯುವವಳು ನಾನು. ಹಿಂದಿನ ಪರದೆ ಬೆಳ್ಳಗಿಲ್ಲದಿದ್ದರೆ ಫೋಟೋ ವಾಪಸ್ ಬರುತ್ತದೆ. ಬೇರೆ ಏನು ಗೊತ್ತಿಲ್ಲದಿದ್ದರೂ ಬಿಳಿ ಯಾವುದು ಎಂದು ನನಗೆ ಗೊತ್ತು.

"ಮಾಮ, ಇಡ್ಲಿ ಬೆಳ್ಳಗಿಲ್ರಿ."

ಅವರು ಬಗ್ಗಿ ನೋಡಿದರು. "ಬೆಳ್ಳಗಿತ್ತಲ್ದಾ" ಎಂದರು. ಅವರ ಎರಡೂ ಕಣ್ಣಿನಲ್ಲಿ ಹಾಲಿನ ಕೆನೆಯಂಥ ಪೊರೆ. ನಾನು ಅದನ್ನು ಅಷ್ಟು ದಿನ ನೋಡಿದ್ದೆ, ಅದರ ಅರ್ಥವನ್ನು ಅವತ್ತೇ ನೋಡಿದ್ದು.

ಮೆಟ್ಟಿಲ ತುದಿಗೆ ಹೋಗಿ ಕೆಳಗೆ ಕೂಗಿದರು. "ಹ್ವಾಯ್ ಭಟ್ರೆ, ಇಡ್ಲಿಗೆ ಎಂತ ಹಾಕ್ತ್ರಿ?"

"ಎಂತದ್ ಇಲ್ಲೆ ಮರಾಯ್ರೆ, ಒಂದ್ಚೂರ್ ಸಾಮೆ. ಶುಗರ್ ಇದ್ದವ್ರ್ ಕೇಂತ್ರ್ ಅಂದೇಳಿ."

"ಎಷ್ಟ್ ದಿನಾಯ್ತ್?"

"ಆರ್ ತಿಂಗ್ಳಾಯ್ತ್. ಎಂತಕ್ಕೆ, ಲಾಯ್ಕ್ ಆಯ್ಲಿಲ್ಯಾ?"

ಮಾಮ ಬಂದು ಕುಳಿತರು. "ನಾಲ್ಗಿಗೆ ಗೊತ್ತಾಯಿತ್ತ್" ಎಂದರು. "ಒರಟ್ ಒರಟ್ ಇದ್ದಿತ್ತ್. ನಾ ಹಲ್ಲಿನ್ ದೋಷ ಅಂದ್ಕಂಡೆ." ಮಂಕಾದ ಇಡ್ಲಿ ಬೆಳಕನ್ನು ಕಡಿಮೆ ತಿರುಗಿಸುತ್ತಿತ್ತು. ಮುಳ್ಳು ಗುರುತಿನವರೆಗೆ ಏರದಿದ್ದಾಗ ಅವರು ಮೀಟರೇ ಸೋತಿದೆ ಎಂದುಕೊಂಡು ಸ್ಕ್ರೂ ತಿರುಗಿಸುತ್ತಿದ್ದರು. ಆರು ತಿಂಗಳಿಂದ ಅಲ್ಲಿಂದ ಹೋದ ಪ್ರತಿಯೊಂದು ಮೀಟರೂ ಅರ್ಧ ಸ್ಟಾಪ್ ಸುಳ್ಳು ಕಲಿತು ಹೋಗಿತ್ತು.

ನಾನು ಸಮಾಧಾನ ಮಾಡಲು ಹೋದೆ. "ಇರ್ಲಿ ಬಿಡ್ರಿ, ನಾ ಅರ್ಧ ಕಳದು ತಗೀತೀನಿ. ಇಲ್ಲಂದ್ರ ಸ್ಟುಡಿಯೋದ ಮೀಟರಿಗೆ ಹೊಂದಿಸಿ ಕೊಡ್ರಿ."

"ಇನ್ನೊಬ್ಬನ ಮುಳ್ಳಿಗೆ ನನ್ನ ಮುಳ್ಳ್ ಕಟ್ಟೂಕೆ ಆತಿಲ್ಲೆ. ತಪ್ಪ್ ಅಂದೇಳಿ ಗೊತ್ತಿದ್ದ್ ನಿನ್ನ ಕೈಯಗೆ ಕೊಡೂಕೂ ಆತಿಲ್ಲೆ. ಪರೀಕ್ಷೆಗೆ ಗಡಿಬಿಡಿ ಆತ್ತ್, ಕಳೂಕೆ ಮರೀತೆ" ಎಂದರು. ಆಮೇಲೆ ಒಂದು ಹಳೆಯ ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟು, ಆರು ತಿಂಗಳ ಗಿರಾಕಿಗಳ ಫೋನ್ ನಂಬರ್ ಓದಿ ಹೇಳು ಎಂದರು. ಹತ್ತೊಂಬತ್ತು ಜನ. ಒಬ್ಬೊಬ್ಬರಿಗೂ ತಾವೇ ಮಾತಾಡಿದರು. ಅವರ ಹಿಂದಿ ಕೇಳಬೇಕಿತ್ತು. "ಸಾಬ್, ಮೀಟರ್ ವಾಪಸ್ ಲೇಕೆ ಆವೋ. ಮೇರಾ ಇಡ್ಲಿ ಗಲತ್ ಥಾ."

ಮೀಟರ್ ವಾಪಸ್ ತನ್ನಿ, ನನ್ನ ಇಡ್ಲಿ ತಪ್ಪಾಗಿತ್ತು ಎಂದರೆ ಆ ಕಡೆಯವರು ಏನು ಕೇಳುತ್ತಿದ್ದರೋ. ಇವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ತಾಳ್ಮೆಯಿಂದ ನಂಬಿಸುತ್ತ, "ನಹೀ ಸಾಬ್, ತಬಿಯತ್ ಠೀಕ್ ಹೈ. ಇಡ್ಲಿ ಗಲತ್ ಥಾ" ಎನ್ನುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನಾಲ್ಕನೆಯ ಫೋನಿಗೆ ಅವರಿಗೂ ಆಗಲಿಲ್ಲ. ಆದರೆ ಹತ್ತೊಂಬತ್ತನ್ನೂ ಮುಗಿಸಿದರು. ಇಷ್ಟು ದೊಡ್ಡ ಊರಿನಲ್ಲಿ, ಯಾರೂ ಬಂದು ಕೇಳುವ ಮೊದಲೇ ತನ್ನ ತಪ್ಪನ್ನು ತಾನೇ ಫೋನ್ ಮಾಡಿ ಹೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಪರೀಕ್ಷೆಯ ಹಿಂದಿನ ದಿನ ಭಟ್ಟರು ಬರೀ ಅಕ್ಕಿ ಉದ್ದಿನ ಇಡ್ಲಿ ಬೇರೆಯಾಗಿ ಹಾಕಿದರು. ಆದರೆ ಬಿಸಿಲಿರಲಿಲ್ಲ. ಮಳೆಗಾಲದ ಮೊದಲ ಮೋಡಗಳು ಬಂದಿದ್ದವು. ಹತ್ತೂವರೆಯಿಂದ ನಾವಿಬ್ಬರೂ ಕಿಟಕಿಯಲ್ಲಿ ಕುಳಿತು ಎದುರಿನ ಬಿಲ್ಡಿಂಗಿನ ಸಂದು ನೋಡಿದೆವು. ಒಂದು ಪ್ಲೇಟ್ ಇಡ್ಲಿ ಆರಿ ಮೇಲ್ಮೈ ಒಣಗಿತು, ತಿಂದೆವು. ಎರಡನೆಯದು ಬಂತು, ಅದನ್ನೂ ತಿಂದೆವು. ಮೂರನೆಯದನ್ನು ಭಟ್ಟರೇ ಹೊತ್ತು ತಂದು, "ಸೂರ್ಯ ಬಪ್ಪುದ್ರೊಳಗೆ ನಿಮ್ಗೆ ಅಜೀರ್ಣ ಆತ್ತ್" ಎಂದು ತಾವೂ ನಿಂತರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕಟ್ಟೆಯ ಮೇಲೆ ಬಿಸಿಲು ಬಿತ್ತು.

ಮಾಮ ಇಡ್ಲಿಯನ್ನು ನೋಡಲಿಲ್ಲ. ಮೀಟರ್ ಮತ್ತು ಸ್ಕ್ರೂಡ್ರೈವರ್ ಹಿಡಿದು, ತಲೆ ಬಗ್ಗಿಸಿ, "ನೀ ಕಾಣ್. ನನ್ನ ಕಣ್ಣ್ ಬ್ಯಾಡ. ಬಿಳಿ ಸಮ ಇತ್ತಾ?" ಎಂದರು.

ಹತ್ತಿರ ಹೋಗಿ ನೋಡಿದೆ. "ಐತ್ರಿ. ಬೆಳ್ಳಗೈತಿ."

"ಮುಳ್ಳ್ ಎಲ್ಲಿತ್ತ್?"

"ಗುರುತು ದಾಟೈತ್ರಿ. ಅರ್ಧ."

ಅವರು ತಿರುಗಿಸಿದರು, ನಾನು ಹೇಳುತ್ತ ಹೋದೆ. ಇನ್ನೊಂಚೂರು, ಇನ್ನೊಂಚೂರು, ಬಸ್. ನಾಲ್ಕು ನಿಮಿಷ ಇದ್ದಿರಬೇಕು ಆ ಬಿಸಿಲು. ಮೋಡ ಬಂದ ಮೇಲೆ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ ಮೀಟರ್ ನನ್ನ ಕೈಗಿಟ್ಟರು.

ಪರೀಕ್ಷೆಯ ಕೋಣೆಗೆ ಒಂದೇ ದೊಡ್ಡ ಕಿಟಕಿ. ಅವ್ವ ಬಿಳಿಯ ಸೀರೆ ಬೇಡವೆಂದು ತನ್ನ ಹಸಿರು ಇಳಕಲ್ ಉಟ್ಟು ಬಂದಿದ್ದಳು. ನನ್ನ ಸರದಿ ಬರುವವರೆಗೆ, ಬಂದ ಮೇಲೂ, ಒಟ್ಟು ಎರಡು ತಾಸು ಕುರ್ಚಿಯಿಂದ ಏಳಲಿಲ್ಲ. ಹೊರಗೆ ಮೋಡ ಓಡುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕೈಯಲ್ಲಿದ್ದ ಹಳೆಯ ಮೀಟರ್ ನೋಡಿ, ಇದನ್ನೇ ಯಾಕೆ ಆರಿಸಿದೆ ಎಂದು ಕೇಳಿದರು. ನನ್ನ ಇಂಗ್ಲಿಷು ಇಂಥ ಹೊತ್ತಿನಲ್ಲಿ ಓಡಿಹೋಗುತ್ತದೆ. ಅವ್ವನ ಗಲ್ಲದ ಪಕ್ಕ ಗುಮ್ಮಟ ಹಿಡಿದು ಅವರಿಗೆ ಮುಳ್ಳು ತೋರಿಸಿದೆ. ಮೋಡ ಬಂತು, ಇಳಿಯಿತು. ಹೋಯಿತು, ಏರಿತು. ಏರಿ ನಿಂತ ಮೇಲೆ ಕ್ಯಾಮೆರಾ ಒತ್ತಿದೆ. ಹನ್ನೆರಡು ಸಲ ಹೀಗೆ ಕಾದೆ. ಬೇರೆಯವರೆಲ್ಲ ಮುಗಿಸಿ ಹೋಗಿದ್ದರು.

ಹಾಳೆಯಲ್ಲಿ ಹನ್ನೆರಡು ಅವ್ವಂದಿರು, ಎಲ್ಲರಿಗೂ ಎರಡೆರಡು ಕಣ್ಣು.

ಪಾಸಾದ ಸುದ್ದಿ ಹೇಳಲು ಹೋದಾಗ ಮಾಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದರು. ಅಂಗಡಿ ಮುಚ್ಚಿ ಊರಿಗೆ ಹೋಗುವುದೆಂದು ಆಗಲೇ ನಿಶ್ಚಯ ಮಾಡಿದ್ದರು. ಸರ್ಟಿಫಿಕೇಟ್ ಕೊಡುವ ದಿನ ನಾನೂ ಬರುತ್ತೇನೆ ಎಂದರು. ಇಷ್ಟು ವರ್ಷ ಮುಂಬೈಯಲ್ಲಿದ್ದು ಒಂದು ಕಾಲೇಜಿನ ಒಳಗೆ ಕಾಲಿಟ್ಟವರಲ್ಲವಂತೆ. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಅವ್ವ ಕೆಲಸಕ್ಕೆ ಅರ್ಧ ದಿನ ಹೇಳಿ ಬಂದಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಆದರೂ ನಾನು ಲೈನಿನಲ್ಲಿ ನಿಂತಿರುವಷ್ಟು ಹೊತ್ತೂ ಇಬ್ಬರೂ ಬೆಂಚಿನ ಮೇಲೆ ಮಾತಾಡುತ್ತಲೇ ಇದ್ದರು.

ಕ್ಲಾರ್ಕ್ ಸಹಿ ಹಾಕಿಸಿಕೊಂಡು ಕಿಟಕಿಯ ಕೆಳಗಿನಿಂದ ಸರ್ಟಿಫಿಕೇಟ್ ಸರಿಸಿದ. ಅದನ್ನು ತಂದು ಮಾಮನಿಗೆ ಕೊಡಲು ಹೋದೆ. ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಅಮ್ಮನ್ ಕೈಗೆ" ಎಂದರು.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಡಿದುಕೊಂಡಳು. ಓದಲು ಬರುವುದಿಲ್ಲ ಅವಳಿಗೆ. ಮೇಲಿನಿಂದ ಕೆಳಗಿನವರೆಗೆ ನೋಡಿ, ತಮಾಷೆಗೆಂದೇ ಕೇಳಿದಳು: "ಎರಡು ತಾಸು ಅಳ್ಳಾಡಲಾರದ ಕುಂತಾಕಿ ನಾನು. ಇದರಾಗ ನನ್ನ ಹೆಸರು ಎಲ್ಲೈತಿ?"

ಮಾಮ ಕಪ್ಪು ಕನ್ನಡಕ ತೆಗೆದರು. ರಾತ್ರಿ ಶಾಲೆಯ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದರು, ಅಪ್ಪನ ಹೆಸರು ಓದಿದರು, ಆಮೇಲೆ ಅವ್ವನ ಹೆಸರು ಓದಿದರು. ನಮ್ಮಲ್ಲಿ ತಾಯಿಯ ಹೆಸರನ್ನೂ ಅಚ್ಚು ಹಾಕುತ್ತಾರೆ. ಫಾರಂ ತುಂಬಿದ್ದ ನಾನೇ ಅದನ್ನು ಮರೆತಿದ್ದೆ. "ಇಲ್ಲೇ ಇತ್ತಲ್ದಾ" ಎಂದು ಅವರು ಜಾಗ ತೋರಿಸಿದರು.

ಅವ್ವ ಆ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಮಾಮನ ಕಡೆ ತಿರುಗಿ ಹೇಳಿದಳು:

"ಬರೇ ಕುಂತಿದ್ದಕ್ಕ ಇಷ್ಟು ಬರದಾರಲ್ರಿ. ನಾ ಬಿಸಿಲಾಗ ನಿಂತಿದ್ದೆಲ್ಲಾ ಬರದಿದ್ರ ಹಾಳಿ ಸಾಲ್ತಿದ್ದಿಲ್ಲ."